ಹನ್ನೆರಡರೊಳಗಿನ ಊಟ

ನನ್ನ ರಚ್ಚನಿ ಅತ್ತಿಗೆಗೆ ಮಗ ಭಿಕ್ಷುವಾಗಬೇಕಿತ್ತು, ಆದರೆ ಹದಿನೈದು ದಿನದ ಮಟ್ಟಿಗೆ ಮಾತ್ರ. ನಮ್ಮ ಥಾಯ್ ಜನರಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ. ಗಂಡಾಗಿ ಹುಟ್ಟಿದ ಮೇಲೆ ಒಮ್ಮೆ ತಲೆ ಬೋಳಿಸಿ, ಕಾವಿ ಉಟ್ಟು, ವಿಹಾರದಲ್ಲಿ ನಾಲ್ಕು ದಿನ ಇದ್ದು ಬಂದರೆ ಹೆತ್ತವಳು ಆ ಕಾವಿಯ ಅಂಚು ಹಿಡಿದುಕೊಂಡು ಸ್ವರ್ಗಕ್ಕೆ ಹೋಗುತ್ತಾಳೆ. ತಂದೆ ಸತ್ತಿದ್ದರೆ ಅವನಿಗೂ ಪುಣ್ಯದಲ್ಲಿ ಪಾಲು. ಹೆಣ್ಣುಮಕ್ಕಳಿಗೆ ಈ ಭಾಗ್ಯ ಇಲ್ಲ, ಹಾಗಾಗಿ ನನ್ನನ್ನು ಯಾರೂ ಕಳಿಸಲಿಲ್ಲ. ಕಳಿಸಿದ್ದರೆ ಅಲ್ಲಿಯ ಗುರುಗಳೇ ಎರಡನೇ ದಿನ ವಾಪಸು ಕಳಿಸುತ್ತಿದ್ದರು ಎನ್ನುವುದು ಬೇರೆ ಮಾತು.

ನಮ್ಮಣ್ಣ ವಿಚಾನ್ ಹಿಂದಿನ ನವೆಂಬರಿನಲ್ಲಿ ತೀರಿಕೊಂಡಿದ್ದ. ಶಿಕಾಗೋದ ಉತ್ತರಕ್ಕೆ, ರೈಲಿನ ಸೇತುವೆಯ ಪಕ್ಕದ ಬೀದಿಯಲ್ಲಿ ಅವನೂ ಅತ್ತಿಗೆಯೂ ಕಟ್ಟಿದ ಹೋಟೆಲು ನಮ್ಮದು. ಕೆಳಗೆ ಹನ್ನೆರಡು ಟೇಬಲ್ಲು, ಮೇಲೆ ನಾವು ನಾಲ್ಕು ಜನ ವಾಸ. ಅಣ್ಣ ಇದ್ದಾಗ ಮುಂದೆ ನಿಂತು ಗಿರಾಕಿಗಳನ್ನು ನಗಿಸುತ್ತಿದ್ದ, ನಾನು ತಟ್ಟೆ ಕೊಂಡೊಯ್ಯುತ್ತಿದ್ದೆ. ಅವನ ಮಗ ಕೆಂಗ್ ಹೈಸ್ಕೂಲಿನಲ್ಲಿದ್ದಾಗಿನಿಂದ ಒಲೆಯ ಮುಂದೆ ನಿಂತವನು. ಈಗ ಮೂವತ್ತೊಂದು ವರ್ಷ. ಬಾಣಲೆ ಅವನ ಕೈಯಲ್ಲಿ ಆಡುತ್ತಿತ್ತು, ಬಾಯಿ ಮಾತ್ರ ಆಡುತ್ತಿರಲಿಲ್ಲ. ಅವನ ತಂಗಿ ನಿಮ್ ಎಕ್ಸ್‌ರೇ ತೆಗೆಯುವ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಳು, ಸಂಜೆ ಫೋನಿನ ಆರ್ಡರು ನೋಡಿಕೊಳ್ಳುತ್ತಿದ್ದಳು. ಊರಿಗೆಲ್ಲ ಊಟ ಹಾಕುವ ಮನೆಯಾದರೂ ನಾವು ಕೂತು ತಿಂದದ್ದು ಕಡಿಮೆ. ಯಾರಿಗೆ ಯಾವಾಗ ಬಿಡುವೋ ಆಗ, ಅಡುಗೆಮನೆಯ ಮೂಲೆಯಲ್ಲಿ, ನಿಂತುಕೊಂಡು.

ಜುಲೈನಲ್ಲಿ ದೀಕ್ಷೆ ಆಯಿತು. ವಿಹಾರ ಊರಾಚೆ, ಕಾರಿನಲ್ಲಿ ಒಂದು ಗಂಟೆಯ ದಾರಿ. ನಮ್ಮ ಕಡೆಯ ಜನವೆಲ್ಲ ಬಂದಿದ್ದರು. ಪ್ರಪಾ ಅಕ್ಕನೂ ಬಂದಿದ್ದಳು. ಅವಳದು ಶಿಕಾಗೋದ ದಕ್ಷಿಣದ ಕಡೆ ನಮಗಿಂತ ದೊಡ್ಡ ಹೋಟೆಲು, ಅದನ್ನು ಅವಳು ಮರೆಯುವುದೂ ಇಲ್ಲ, ಮರೆಯಲು ಬಿಡುವುದೂ ಇಲ್ಲ. ಅವಳ ಮಗ ಹಿಂದಿನ ವರ್ಷ ಏಳು ದಿನ ಭಿಕ್ಷುವಾಗಿದ್ದು, ಎಂಟನೇ ದಿನ ಗೆಳೆಯರ ಜೊತೆ ಬೀಚಿಗೆ ಹೋಗಿದ್ದ.

ಎಲ್ಲ ಮುಗಿಯುವ ಹೊತ್ತಿಗೆ ಹಿರಿಯ ಗುರುಗಳು ಅತ್ತಿಗೆಯನ್ನು ಕೇಳಿದರು, ಎಷ್ಟು ದಿನಕ್ಕೆ ಎಂದುಕೊಂಡಿದ್ದೀರಿ ಅಂತ. ಹದಿನೈದು ದಿನ ಎಂದು ಮನೆಯಲ್ಲಿ ಮಾತಾಗಿತ್ತು. ಅತ್ತಿಗೆ ಕೈಮುಗಿದಳು, ಪ್ರಪಾ ಅಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಅವನಿಗೆ ಶ್ರದ್ಧೆ ಇರೋವರೆಗೂ ಇರ್ಲಿ, ಗುರುಗಳೇ. ನಾವು ದಿನ ಎಣಿಸೋ ಜನ ಅಲ್ಲ."

ಪ್ರಪಾ ಅಕ್ಕನ ಮುಖ ಹುಳಿ ತಿಂದ ಹಾಗಾಯಿತು. ಸುತ್ತ ಕೂತವರೆಲ್ಲ ಸಾಧು ಸಾಧು ಎಂದರು. ಕೆಂಗ್ ಬೋಳುತಲೆ ಎತ್ತಿ ಒಂದು ಸಲ ತಾಯಿಯನ್ನು ನೋಡಿದ. ವಾಪಸು ಬರುವಾಗ ಅತ್ತಿಗೆಗೆ ಕಾರಿನಲ್ಲಿ ನಗು ತಡೆಯಲಾಗಲಿಲ್ಲ. ಹೇಗೆ ಕೊಟ್ಟೆ ನೋಡು ಅವಳಿಗೆ ಎಂದು ನನ್ನ ತೊಡೆಗೆ ಹೊಡೆದಳು. ಅಣ್ಣ ಸತ್ತ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು, ಅದಕ್ಕೆ ನಾನೂ ನಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ನಮಗೆ ಆಗ ಹೊಳೆಯಲಿಲ್ಲ.

ಆ ಹದಿನೈದು ದಿನ ಅತ್ತಿಗೆ ಬಾಣಲೆ ಹಿಡಿದಳು. ಅರವತ್ತರ ಹತ್ತಿರದ ಮಣಿಕಟ್ಟು, ರಾತ್ರಿ ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ದಿನಾ ಬಂದು ಕಿಟಕಿ ಪಕ್ಕ ಒಬ್ಬರೇ ಕೂರುವ ಮುದುಕ ನೋವಾಕ್, ನೂಡಲ್ಸು ಯಾಕೋ ಬೇರೆಯಾಗಿದೆ, ನಿಮ್ಮ ಹುಡುಗ ಎಲ್ಲಿ ಎಂದು ಕೇಳಿದರು. ಸನ್ಯಾಸಿಯಾಗಿದ್ದಾನೆ, ಮುಂದಿನ ವಾರ ಬರುತ್ತಾನೆ ಎಂದೆ. ಮುಂದಿನ ವಾರ ವಾಪಸು ಬರುವುದಕ್ಕೆ ಸನ್ಯಾಸ ಅನ್ನುತ್ತಾರೆಯೇ ಎಂದು ಅವರಿಗೆ ಬಹಳ ತಮಾಷೆಯೆನಿಸಿತು.

ಹದಿನೈದನೆಯ ದಿನ ಅತ್ತಿಗೆ ಮಗನ ನೀಲಿ ಅಂಗಿ, ಪ್ಯಾಂಟು ಇಸ್ತ್ರಿ ಮಾಡಿ ಚೀಲದಲ್ಲಿಟ್ಟುಕೊಂಡು ಹೊರಟಳು. ಕಾರು ನಾನೇ ಓಡಿಸಿದೆ. ಕೆಂಗ್ ಅಂಗಳ ಗುಡಿಸುತ್ತಿದ್ದ. ಪೊರಕೆ ಬದಿಗಿಟ್ಟು ಬಂದು, ಮೂರು ಮಾರು ದೂರದಲ್ಲಿ ನಿಂತು, ಮಳೆಗಾಲದ ವರ್ಷಾವಾಸ ಪೂರ್ತಿ ಇಲ್ಲೇ ಇರುತ್ತೇನೆ ಎಂದ. ಅಂದರೆ ಮೂರು ತಿಂಗಳು. "ಯೋಮ್ ಅಮ್ಮ, ನೀವೇ ಹೇಳಿದ್ರಲ್ಲ" ಎಂದ. ಯೋಮ್ ಎನ್ನುವುದು ಅನ್ನ ನೀಡುವ ಗೃಹಸ್ಥರನ್ನೆಲ್ಲ ಭಿಕ್ಷುಗಳು ಕರೆಯುವ ಮಾತು. ಪ್ರಪಾ ಅಕ್ಕನಿಗೂ ಅದೇ, ಹೆತ್ತ ತಾಯಿಗೂ ಅದೇ. ಅತ್ತಿಗೆ ಚೀಲವನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ಬರುವಾಗ ದಾರಿಯುದ್ದಕ್ಕೂ ಅದು ಅವಳ ತೊಡೆಯ ಮೇಲೇ ಇತ್ತು.

ಆಮೇಲೆ ಪ್ರತಿ ಭಾನುವಾರ ಅಡುಗೆ ಹೊತ್ತು ಹೋಗುವುದು ಶುರುವಾಯಿತು. ಭಿಕ್ಷುಗಳ ಊಟ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಬೇಕು, ಹನ್ನೆರಡು ದಾಟಿದರೆ ಮರುದಿನ ಬೆಳಗಿನವರೆಗೆ ಒಂದಗುಳೂ ಇಲ್ಲ. ಅತ್ತಿಗೆ ಕತ್ತಲಿರುವಾಗಲೇ ಎದ್ದು ಹುಣಸೆಹಣ್ಣಿನ ಮೀನು ಸಾರು, ತುಳಸಿ ಹಾಕಿ ಹುರಿದ ಕೋಳಿ, ಮಾವಿನಹಣ್ಣು ಹಾಕಿದ ಸಿಹಿ ಅನ್ನ ಎಲ್ಲ ಮಾಡುತ್ತಿದ್ದಳು. ಹೆಂಗಸರು ಭಿಕ್ಷುವಿನ ಕೈಗೆ ಏನನ್ನೂ ಕೊಡುವಂತಿಲ್ಲ. ಅವನು ಒಂದು ಬಟ್ಟೆ ಹಾಸುತ್ತಾನೆ, ಅದರ ಮೇಲೆ ಇಡಬೇಕು. ಎದೆಹಾಲು ಕುಡಿಸಿದವಳಿಗೂ ರಿಯಾಯಿತಿ ಇಲ್ಲ. ಅತ್ತಿಗೆ ಇಟ್ಟು, ಹಿಂದೆ ಸರಿದು, ನೆಲದ ಮೇಲೆ ಕೂತು ನೋಡುತ್ತಿದ್ದಳು.

ಒಂದು ಭಾನುವಾರ ಕೆಂಗ್ ಒಂದೇ ಪಾತ್ರೆಯಲ್ಲಿ ಊಟ ಮಾಡುವ ವ್ರತ ಹಿಡಿದ. ಮೀನು ಸಾರು, ಕೋಳಿ, ಸಿಹಿ ಅನ್ನ, ಯಾರೋ ತಂದಿದ್ದ ಅರ್ಧ ಡೋನಟ್ಟು, ಎಲ್ಲವನ್ನೂ ಭಿಕ್ಷಾಪಾತ್ರೆಗೆ ಸುರಿದುಕೊಂಡು ಚಮಚದಿಂದ ಕಲಸಿ, ತಲೆ ತಗ್ಗಿಸಿ ತಿಂದ. ಸಾರಿಗೆ ಹುಳಿ ಒಂದು ಹನಿ ಹೆಚ್ಚಾದರೆ ಇಡೀ ಪಾತ್ರೆ ಚೆಲ್ಲುವ ಹೆಂಗಸು ನನ್ನತ್ತಿಗೆ. ಅವಳ ಕಣ್ಣಲ್ಲಿ ನೀರು ತುಂಬಿತು. ನನಗೂ ನೋಡಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಎದ್ದು ಹೋಗಿ ಅಲ್ಲಿಯ ಪಾತ್ರೆ ತೊಳೆಯುತ್ತ ನಿಂತೆ.

ಮನೆಯಲ್ಲಿ ನಿಮ್‌ಗೂ ಅತ್ತಿಗೆಗೂ ದಿನಾ ಜಗಳ. ಡೆನ್ವರಿನ ಆಸ್ಪತ್ರೆಯೊಂದರಲ್ಲಿ ನಿಮ್‌ಗೆ ಕೆಲಸ ಸಿಕ್ಕಿತ್ತು, ನವೆಂಬರ್ ಮುಗಿಯುವುದರೊಳಗೆ ಬರುತ್ತೇನೋ ಇಲ್ಲವೋ ಎಂದು ಹೇಳಬೇಕಿತ್ತು. ಒಬ್ಬ ಅಡುಗೆಯವನನ್ನು ಇಟ್ಟುಕೋ ಎಂದು ಅವಳು, ಬೇಡ ಎಂದು ಇವಳು. ಒಂದು ಸಂಜೆ ಗಿರಾಕಿಗಳು ತುಂಬಿರುವಾಗಲೇ ಅಡುಗೆಮನೆಯಲ್ಲಿ ಹತ್ತಿಕೊಂಡಿತು.

"ಅಡುಗೆಯವನು ಬಂದು ಆ ಒಲೆ ಮುಂದೆ ನಿಂತರೆ, ನಿನ್ನಣ್ಣ ಬಂದಾಗ ಎಲ್ಲಿ ನಿಂತ್ಕೋಬೇಕು?" ಎಂದಳು ಅತ್ತಿಗೆ.

"ಅವನು ಬರಲ್ಲಮ್ಮ."

"ಬಾಯಿ ಮುಚ್ಚು. ವರ್ಷಾವಾಸ ಮುಗೀಲಿ, ಬರ್ತಾನೆ. ಅವನು ಬಂದ್ಮೇಲೆ ನೀನು ಹೋಗುವೆಯಂತೆ."

"ಅವನು ಹೋದ್ರೆ ಪುಣ್ಯ, ನಾನು ಹೋದ್ರೆ ಮನೆ ಬಿಟ್ಟು ಓಡಿಹೋದ ಹಾಗೆ, ಅಲ್ವಾ? ಅತ್ತೆ, ನೀನಾದ್ರೂ ಹೇಳು."

ನಾನು ಆ ಅತ್ತೆ. ನಾನೂ ಒಂದು ಕಾಲದಲ್ಲಿ ಅಣ್ಣನಿಗೆ ಎರಡು ತಿಂಗಳು ಸಹಾಯ ಮಾಡಿ ಹೋಗುತ್ತೇನೆ ಎಂದು ಈ ಊರಿಗೆ ಬಂದವಳೇ. ಏಳನೇ ಟೇಬಲ್ಲಿನವರು ಕಾಯ್ತಿದ್ದಾರೆ, ಜಗಳ ಕಡಿಮೆ ಖಾರದಲ್ಲಿ ಆಡಿ ಎಂದು ಹೇಳಿ ತಟ್ಟೆ ಎತ್ತಿಕೊಂಡು ಹೊರಬಂದೆ.

ಅಕ್ಟೋಬರಿನಲ್ಲಿ ವರ್ಷಾವಾಸ ಮುಗಿಯಿತು. ಕೆಂಗ್ ಬರಲಿಲ್ಲ, ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ವಿಹಾರದಲ್ಲಿ ಅತ್ತಿಗೆಗೆ ಕೇಳುವ ಧೈರ್ಯವಿಲ್ಲ. ಕಾವಿ ಬಿಚ್ಚು ಎಂದು ಭಿಕ್ಷುವಿಗೆ ಹೇಳಿದರೆ ಬಂದ ಪುಣ್ಯವೆಲ್ಲ ಹೋಗಿ ಪಾಪ ಸುತ್ತಿಕೊಳ್ಳುತ್ತದೆ, ಅದರಲ್ಲಿ ಗಂಡನ ಪಾಲೂ ಹೋಗುತ್ತದೆ ಎಂಬ ಹೆದರಿಕೆ. ಹೀಗೆ ಸತ್ತ ಗಂಡ ಒಂದು ಕಡೆ, ಬದುಕಿರುವ ಮಗ ಒಂದು ಕಡೆ ಎಳೆದದ್ದರಲ್ಲಿ ಅವಳು ಸೊರಗಿದಳು. ಊಟಕ್ಕೆ ಕರೆದರೆ ಆಯಿತು ಎನ್ನುತ್ತಿದ್ದಳು. ಯಾವಾಗ ಆಯಿತೋ ನಾನಂತೂ ಕಾಣೆ.

ಕೊನೆಗೆ ಅವಳೇ ದಾರಿ ಹುಡುಕಿದಳು. ಅಣ್ಣನ ವರ್ಷದ ತಿಥಿಗೆ ಭಿಕ್ಷುಗಳನ್ನು ಹೋಟೆಲಿಗೇ ಊಟಕ್ಕೆ ಕರೆಯುವುದು. ರಾತ್ರಿ ಮುಲಾಮು ಹಚ್ಚುವಾಗ ನನಗೆ ಹೇಳಿದಳು.

"ಅಲ್ಲಿ ಅವನು ಭಿಕ್ಷು, ಪಿನ್. ಇಲ್ಲಿ ಬಂದು ಈ ಒಲೆ ನೋಡಿದ್ರೆ, ನನ್ನ ಕೈಯಡುಗೆ ಬಿಸಿಬಿಸಿ ತಿಂದ್ರೆ, ಮನಸ್ಸು ಕರಗತ್ತೆ. ಊಟ ಮುಗಿಸಿ ಕೂತಾಗ ಕೇಳ್ತೀನಿ, ಯಾವಾಗ ಮನೆಗೆ ಬರ್ತೀಯಾ ಅಂತ. ಪಾಪ ಬಂದ್ರೆ ಬರ್ಲಿ."

"ಬರಲ್ಲ ಅಂದ್ರೆ?" ಎಂದೆ.

ಅವಳು ಮುಲಾಮಿನ ಡಬ್ಬಿ ಮುಚ್ಚಿದಳು.

ಆ ದಿನ ಮಧ್ಯಾಹ್ನದವರೆಗೆ ಹೋಟೆಲು ಮುಚ್ಚಿದೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆವು. ಟೇಬಲ್ಲುಗಳನ್ನು ಸಾಲಾಗಿ ಜೋಡಿಸಿ ಬಿಳಿ ಬಟ್ಟೆ ಹಾಸಿದೆ. ಅಣ್ಣನ ಫೋಟೋಗೆ ಹೂವು ಇಟ್ಟೆವು. ಐವರು ಭಿಕ್ಷುಗಳು ಬಂದರು. ಕೆಂಗ್ ಎಲ್ಲರಿಗಿಂತ ಕಿರಿಯನಾದ್ದರಿಂದ ಸಾಲಿನ ಕೊನೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ಕೂತ. ನಿಮ್ ಅವನಿಗೆ ಅಡ್ಡ ಬೀಳುವುದಿಲ್ಲ ಎಂದು ಬೆಳಿಗ್ಗೆಯೇ ಹಟ ಹಿಡಿದಿದ್ದವಳು, ಅವನ ಎದುರು ನಿಂತು "ತೆಳ್ಳಗಾಗಿದೀಯಾ" ಎಂದಳು, ಆಮೇಲೆ ಮೆಲ್ಲಗೆ ಮಂಡಿಯೂರಿದಳು. ಅವನು ಅಡುಗೆಮನೆಯೊಳಗೆ ಇಣುಕಿಯೂ ನೋಡಲಿಲ್ಲ.

ಮಂತ್ರ ಸ್ವಲ್ಪ ಉದ್ದವಾಯಿತು. ಪದ್ಧತಿಯಂತೆ ಅಡುಗೆಯನ್ನೆಲ್ಲ ಒಟ್ಟಿಗೇ ತಂದು ಅರ್ಪಿಸಬೇಕು. ತಿಥಿಗೆ ಬಂದಿದ್ದ ಪ್ರಪಾ ಅಕ್ಕ ಅದನ್ನೇ ಹೇಳಿದಳು, ಆ ದಿನ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅತ್ತಿಗೆ ಕೇಳಬೇಕಲ್ಲ. ಮೂವತ್ತು ವರ್ಷ ಗಿರಾಕಿಗಳಿಗೆ ಬಾಣಲೆಯಿಂದ ನೇರ ತಟ್ಟೆಗೆ ಬಡಿಸಿದವಳು. ಆರಿದ ಅನ್ನ ಕೊಟ್ಟರೆ ಅದು ದಾನವೇ ಎಂದು ಹಟ. ಹಾಗಾಗಿ ಮೊದಲು ಸಾರು, ಆಮೇಲೆ ಮೀನು, ಆಮೇಲೆ ಹುರಿದ ಸೊಪ್ಪು ಎಂದು ಹೋಟೆಲಿನ ಕ್ರಮದಲ್ಲೇ ಒಂದೊಂದಾಗಿ ಬಂತು. ಪ್ರತಿಯೊಂದಕ್ಕೂ ಬಟ್ಟೆ ಹಾಸಬೇಕು, ಇಡಬೇಕು, ಕೈಮುಗಿಯಬೇಕು. ಗುರುಗಳು ತಾಳ್ಮೆಯಿಂದ ತಿಂದರು. ಕೆಂಗ್ ಎಂದಿನಂತೆ ಎಲ್ಲವನ್ನೂ ಪಾತ್ರೆಗೆ ಹಾಕಿ ಕಲಸಿಕೊಂಡ.

ನಾನು ಒಳಗೆ ಹೋದಾಗ ಅತ್ತಿಗೆ ಮೊಟ್ಟೆ ಒಡೆಯುತ್ತಿದ್ದಳು. ಮೀನಿನ ಉಪ್ಪುರಸ ಹಾಕಿ ಕಲಕಿ, ಹೊಗೆಯಾಡುವ ಎಣ್ಣೆಗೆ ಮೇಲಿಂದ ಸುರಿದು, ಅಂಚು ಗರಿಗರಿಯಾಗಿ ಉಬ್ಬಿ ಬರುವ ನಮ್ಮ ಕಡೆಯ ಆಮ್ಲೆಟ್ಟು. ಬಿಸಿ ಅನ್ನದ ಮೇಲೆ ಹಾಕಿಕೊಂಡರೆ ಬೇರೇನೂ ಬೇಡ. ಕೆಂಗ್ ಚಿಕ್ಕವನಿದ್ದಾಗ ಶಾಲೆಯಿಂದ ಬಂದವನು ಅದನ್ನೇ ತಿನ್ನುತ್ತಿದ್ದ. ಇದನ್ನು ಅವನೊಬ್ಬನಿಗೇ ಮಾಡುವುದು ಎಂದು ಅವಳು ಕೊನೆಗೆ ಉಳಿಸಿಕೊಂಡಿದ್ದಳು. ಇದನ್ನು ಯಾರೂ ಸಾರಿನಲ್ಲಿ ಕಲಸುವುದಿಲ್ಲ, ನೋಡ್ತಿರು ಎಂದಳು. ಅತ್ತಿಗೆ, ಗಡಿಯಾರ ನೋಡು ಎಂದೆ. ಎಣ್ಣೆ ಕಾಯ್ಲಿ, ಹಸಿ ಎಣ್ಣೆಗೆ ಹಾಕಿದ್ರೆ ಉಬ್ಬಲ್ಲ ಎಂದಳು.

ಅವಳು ತಟ್ಟೆ ಹಿಡಿದು ಹೊರಬರುವ ಹೊತ್ತಿಗೆ ಹನ್ನೆರಡು ಆಗಿತ್ತು. ಹಿರಿಯ ಗುರುಗಳು ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಅವರನ್ನು ನೋಡಿ ಸಾಲಿನಲ್ಲಿ ಎಲ್ಲರೂ ಇಟ್ಟರು. ಕೆಂಗ್ ಪಾತ್ರೆಯ ಮುಚ್ಚಳ ಮುಚ್ಚಿ, ಹಾಸಿದ್ದ ಬಟ್ಟೆಯನ್ನು ಮಡಿಸುತ್ತಿದ್ದ. ಅತ್ತಿಗೆ ಅವನ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಳು. ಆಮ್ಲೆಟ್ಟಿನಿಂದ ಇನ್ನೂ ಹಬೆ ಏಳುತ್ತಿತ್ತು. ಇಡಲು ಜಾಗವಿರಲಿಲ್ಲ. ಒಂದು ನಿಮಿಷ ತಾನೇ, ಗುರುಗಳೇ ಎಂದು ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅವರು ನನ್ನನ್ನು ಕರುಣೆಯಿಂದ ನೋಡಿದರು, ಅಷ್ಟೆ. ಪ್ರಪಾ ಅಕ್ಕ ಕೂಡ ತಲೆ ತಗ್ಗಿಸಿದಳು.

"ನೀವು ತಿನ್ನಿ, ಯೋಮ್ ಅಮ್ಮ" ಎಂದ ಕೆಂಗ್. "ಆರಿ ಹೋಗತ್ತೆ. ಕೂತ್ಕೊಳ್ಳಿ, ನಾನು ಇಲ್ಲೇ ಇರ್ತೀನಿ."

ಭಿಕ್ಷುಗಳ ಊಟವಾದ ಮೇಲೆ ಮನೆಯವರು ಉಣ್ಣುವುದು ಪದ್ಧತಿಯೇ. ಹಿರಿಯ ಗುರುಗಳು ಹೌದೆಂದು ತಲೆಯಾಡಿಸಿದರು. ಅತ್ತಿಗೆ ಅವನ ಎದುರಿನ ಕುರ್ಚಿಯಲ್ಲಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತಳು. ನಿಮ್ ಒಂದು ಚಮಚ ತಂದಿಟ್ಟಳು. ಅತ್ತಿಗೆ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಕಣ್ಣೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

"ಇಲ್ಲಿ ನಿನಗೆ ಏನು ಕಮ್ಮಿಯಾಗಿತ್ತು?" ಎಂದು ಕೇಳಿದಳು. ಯಾವಾಗ ಬರುತ್ತೀಯಾ ಎನ್ನುವ ಮಾತಿನ ಬದಲು ಇದು ಬಂತು.

ಕೆಂಗ್ ಮಡಿಸಿದ ಬಟ್ಟೆಯನ್ನು ಪಾತ್ರೆಯ ಮೇಲಿಟ್ಟ. ಆಮೇಲೆ ಹೇಳಿದ. ಹುಟ್ಟಿದಾಗಿನಿಂದ ಅವನು ಅಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಏನೂ ಕಮ್ಮಿಯಾಗಿರಲಿಲ್ಲ. ಆ ಒಲೆ ಮುಂದೆ ನಿಂತಿದ್ದಷ್ಟು ವರ್ಷ ನನಗೆ ಒಂದಿನಾನೂ ಹಸಿವಾಗ್ಲಿಲ್ಲ. ಅವರಿವರ ಆರ್ಡರು, ಉಪ್ಪು ನೋಡು, ಹುಳಿ ನೋಡು, ಅದರಲ್ಲೇ ಹೊಟ್ಟೆ ತುಂಬ್ತಿತ್ತು. ಏನು ತಿಂದೆ, ಯಾರ ಜೊತೆ ತಿಂದೆ ಗೊತ್ತಾಗ್ತಿರಲಿಲ್ಲ. ಅಪ್ಪ ಹೋದ ದಿನಾನೂ ಗೊತ್ತಾಗ್ಲಿಲ್ಲ. ವಿಹಾರದಲ್ಲಿ ಸಂಜೆ ಆದ್ರೆ ಹಸಿವಾಗತ್ತೆ. ರಾತ್ರಿ ಪೂರ್ತಿ ಹಸಿವು. ಬೆಳಿಗ್ಗೆ ಐದು ಜನ ಒಟ್ಟಿಗೆ ಕೂತು ತಿಂತೀವಿ."

"ಹಸ್ಕೊಂಡಿರೋದು ಒಂದು ಸುಖಾನಾ?"

"ನನಗೆ ಹೌದು."

ಅತ್ತಿಗೆ ಅವನನ್ನೇ ನೋಡಿದಳು. ಆಮೇಲೆ ತಟ್ಟೆಯತ್ತ ತಿರುಗಿ ಉಳಿದದ್ದನ್ನು ತಿನ್ನತೊಡಗಿದಳು. ಅವಸರವಿಲ್ಲದೆ, ಅಗುಳು ಬಿಡದೆ ತಿಂದಳು. ಅವನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಉಣ್ಣುವುದನ್ನು ಕೊನೆಯವರೆಗೂ ನೋಡುತ್ತ ಕೂತ. ತಾಯಿ ಮಗ ಒಂದೇ ಟೇಬಲ್ಲಿನಲ್ಲಿ ಎದುರುಬದುರು ಕೂತದ್ದನ್ನು ನಾನು ಈ ಹೋಟೆಲಿನಲ್ಲಿ ನೋಡಿದ್ದು ಅದೊಂದೇ ಸಲ.

ಭಿಕ್ಷುಗಳು ಆಶೀರ್ವಾದದ ಮಂತ್ರ ಹೇಳಿದರು. ಅಣ್ಣನ ಹೆಸರಿನಲ್ಲಿ ನೀರು ಬಿಟ್ಟೆವು. ಅವರ ವ್ಯಾನು ಸೇತುವೆ ದಾಟಿ ಹೋಗುವವರೆಗೂ ನಾವು ಬೀದಿಯಲ್ಲಿ ಕೈಮುಗಿದು ನಿಂತಿದ್ದೆವು. ಗಾಳಿ ತಣ್ಣಗೆ ಕೊರೆಯುತ್ತಿತ್ತು. ಪ್ರಪಾ ಅಕ್ಕ ಅತ್ತಿಗೆಯ ಭುಜ ಮುಟ್ಟಿ ತನ್ನ ಕಾರು ಹತ್ತಿದಳು.

ಒಳಗೆ ಬಂದು ಟೇಬಲ್ಲುಗಳನ್ನು ಮೊದಲಿನ ಜಾಗಕ್ಕೆ ಎಳೆದೆವು. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ನಿಂತಳು, ನಿಮ್ ಒರೆಸಿ ಇಡುತ್ತಿದ್ದಳು. ನಾನು ಬಾಗಿಲ ಚೀಟಿ ಕಿತ್ತು ಬರುವಾಗ ಅತ್ತಿಗೆಯ ದನಿ ಕೇಳಿಸಿತು.

"ಡೆನ್ವರಿನವರಿಗೆ ಯಾವಾಗ ಹೇಳ್ಬೇಕು ಅಂದೆ?"

"ಶುಕ್ರವಾರದೊಳಗೆ" ಎಂದಳು ನಿಮ್. "ಯಾಕಮ್ಮ?"

"ಇವತ್ತೇ ಹೇಳು. ಬರ್ತೀನಿ ಅನ್ನು."

"ಮತ್ತೆ ಹೋಟ್ಲು?"

"ಯಾರನ್ನಾದ್ರೂ ಇಟ್ಕೋತೀನಿ. ಇಲ್ಲಾಂದ್ರೆ ನಾನು, ನಿನ್ನತ್ತೆ ಇದೀವಿ." ಅತ್ತಿಗೆ ನಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. "ನೀನು ಹೋಗು. ನಿನಗೂ ಹಸಿವಾಗ್ಲಿ."

ನಿಮ್ ಬಟ್ಟೆಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಹೊರಗೆ ಯಾರೋ ಬಾಗಿಲು ತಳ್ಳಿ ಒಳಗೆ ಬಂದು, ತೆರೆದಿದೆಯಾ ಎಂದು ಕೇಳಿದರು. ತೆರೆದಿದೆ, ಬನ್ನಿ ಎಂದೆ. ಎಷ್ಟು ಜನ ಎಂದು ಕೇಳಿದೆ. ಒಬ್ಬರೇ ಎಂದರು.